ಅಮಲ್ದಾರರ ಕಾಲದಿಂದ ಕೆ.ಎ.ಎಸ್.ವರೆಗೆ

ಭಾನುವಾರ ಬೆಳಗಿನ ಬಸ್ಸುಗಳಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಬರುವವರಲ್ಲಿ ಸಂತೆಗೆ ಹೊರಟವರು, ನೆಂಟರ ಮನೆಗೆ ಹೊರಟವರು ಎಲ್ಲ ಇರುತ್ತಾರೆ. ಅವರ ನಡುವೆ ಹೆಗಲಿಗೆ ಚೀಲ ಹಾಕಿಕೊಂಡು, ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಹಿಡಿದ ಯುವಕ ಯುವತಿಯರೂ ಕಾಣುತ್ತಾರೆ. ಅವರಲ್ಲಿ ಹಲವರ ಕನಸು ಒಂದೇ: ತಹಸೀಲ್ದಾರ್ ಆಗಬೇಕು, ಆದರೆ ಅಸಿಸ್ಟೆಂಟ್ ಕಮಿಷನರ್ ಆಗಬೇಕು.

ಈ ಕನಸಿಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅಷ್ಟೂ ಕಾಲದಲ್ಲಿ ಪರೀಕ್ಷೆಯ ಸ್ವರೂಪ ಹಲವು ಸಲ ಬದಲಾಗಿದೆ. ಪ್ರತಿ ಬದಲಾವಣೆಯ ಹಿಂದೆಯೂ ಇದ್ದದ್ದು ಒಂದೇ ಪ್ರಶ್ನೆ: ಅಧಿಕಾರದ ಬಾಗಿಲು ಯಾರಿಗೆ ತೆರೆಯಬೇಕು?

ಶಿಫಾರಸಿನಿಂದ ಪರೀಕ್ಷೆಗೆ

ತಾಲ್ಲೂಕಿನ ಮುಖ್ಯಾಧಿಕಾರಿಗೆ ಹಳೆಯ ಮೈಸೂರಿನಲ್ಲಿ ಅಮಲ್ದಾರ್ ಎಂಬ ಹೆಸರು. ಕಂದಾಯ ವಸೂಲಿ, ಕೆರೆಗಳ ಉಸ್ತುವಾರಿ, ಊರಿನ ಜಗಳಗಳ ವಿಚಾರಣೆ ಎಲ್ಲವೂ ಅವನ ಕೈಯಲ್ಲೇ. ಇಂಥ ಹುದ್ದೆಗಳಿಗೆ ಬಹುಕಾಲ ನೇಮಕವಾಗುತ್ತಿದ್ದುದು ಮನೆತನ, ಪರಿಚಯ, ಮೇಲಧಿಕಾರಿಯ ಮೆಚ್ಚುಗೆಯ ಬಲದಿಂದ.

ಪರೀಕ್ಷೆ ನಡೆಸಿ ಅಧಿಕಾರಿಗಳನ್ನು ಆರಿಸುವ ಪದ್ಧತಿ ಮೊದಲು ಬೆಳೆದದ್ದು ಚೀನಾದಲ್ಲಿ. ಬ್ರಿಟಿಷರು ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಬಹಿರಂಗ ಸ್ಪರ್ಧೆಯನ್ನು 1855ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದರು. ಬಾಗಿಲು ಎಲ್ಲರಿಗೂ ತೆರೆದಿತ್ತು, ಆದರೆ ಅದು ಸಮುದ್ರದಾಚೆ ಇತ್ತು. ಆ ಪರೀಕ್ಷೆ ಭಾರತದ ನೆಲದಲ್ಲೂ ನಡೆಯಲು 1922ರವರೆಗೆ ಕಾಯಬೇಕಾಯಿತು.

ಮೈಸೂರು ಅಷ್ಟು ಕಾಲ ಕಾಯಲಿಲ್ಲ. ರಾಜ್ಯಾಡಳಿತ 1881ರಲ್ಲಿ ಒಡೆಯರಿಗೆ ಮರಳಿದಾಗ ಬೊಕ್ಕಸ 1876-78ರ ಭೀಕರ ಕ್ಷಾಮದಿಂದ ಬರಿದಾಗಿತ್ತು. ದಿವಾನ್ ರಂಗಾಚಾರ್ಲು ಕೈಗೊಂಡ ಮಿತವ್ಯಯದ ಬಿಸಿ ಹಾಸನಕ್ಕೂ ತಟ್ಟಿತು. ಜಿಲ್ಲೆಯನ್ನೇ ರದ್ದುಪಡಿಸಲಾಯಿತು, ಅದು ಮತ್ತೆ ಜಿಲ್ಲೆಯಾದದ್ದು 1886ರಲ್ಲಿ. ಅವರ ನಂತರ ಬಂದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಜಾರಿಗೆ ಬಂತು. ದೇಶೀ ಸಂಸ್ಥಾನವೊಂದರಲ್ಲಿ ಇದು ದಿಟ್ಟ ಹೆಜ್ಜೆಯೇ ಸರಿ. ಮುಂದೆ ಜ್ಞಾನಪೀಠ ಪ್ರಶಸ್ತಿ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸರ್ಕಾರಿ ಸೇವೆಗೆ ಬಂದದ್ದೂ ಈ ಪರೀಕ್ಷೆಯ ಮೂಲಕವೇ.

ಆದರೆ ಈ ಬಾಗಿಲಿಗೂ ಹೊಸ್ತಿಲಿತ್ತು. ಪರೀಕ್ಷೆ ಪದವೀಧರರಿಗೆ, ಅದೂ ಇಂಗ್ಲಿಷ್ ಬಲ್ಲವರಿಗೆ. ಅರಕಲಗೂಡಿನ ಹುಡುಗನೊಬ್ಬ ಬಿ.ಎ. ಓದಬೇಕೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜ ಕಾಲೇಜಿಗೋ ಹೋಗಬೇಕಿತ್ತು. ಪದವಿ ಕೊಡುತ್ತಿದ್ದುದು ಮದ್ರಾಸು ವಿಶ್ವವಿದ್ಯಾನಿಲಯ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಹೀಗಾಗಿ ಮೊದಲು ಮದ್ರಾಸಿನಿಂದ ಬಂದವರಿಗೂ ಮೈಸೂರಿಗರಿಗೂ ಹುದ್ದೆಗಳ ವಿಷಯದಲ್ಲಿ ಜಟಾಪಟಿ ನಡೆಯಿತು. ಆಮೇಲೆ ಮೈಸೂರಿಗರಲ್ಲೇ ಹುದ್ದೆ ಯಾರ ಪಾಲು ಎಂಬ ಪ್ರಶ್ನೆ ಎದ್ದಿತು.

ಮಿಲ್ಲರ್ ಸಮಿತಿಯ ತಿರುವು

ಮೇಲಿನ ಹುದ್ದೆಗಳಲ್ಲಿ ಹೆಚ್ಚಿನವು ಬ್ರಾಹ್ಮಣರ ಪಾಲಾಗಿವೆ, ಉಳಿದ ಸಮುದಾಯಗಳಿಗೆ ಅವಕಾಶವಿಲ್ಲ ಎಂಬ ಕೂಗು ಬಲವಾಯಿತು. ಪ್ರಜಾಮಿತ್ರ ಮಂಡಳಿ ರೂಪುಗೊಂಡದ್ದು 1917ರಲ್ಲಿ. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಶಿಕ್ಷಣ ಹರಡಿದರೆ ಅಸಮಾನತೆ ತಾನಾಗಿ ಸರಿಹೋಗುತ್ತದೆ, ಅರ್ಹತೆಯ ಮಾನದಂಡ ಸಡಿಲಿಸಬಾರದು ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ನಿಲುವು. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲಿ ಅವರು ದಿವಾನಗಿರಿ ಬಿಟ್ಟರು.

ಏಳು ವರ್ಷದೊಳಗೆ ಮೇಲಿನ ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ಅದರ ವರದಿ ಆಧರಿಸಿ 1921ರಲ್ಲಿ ಸರ್ಕಾರದ ಆದೇಶ ಹೊರಟಿತು. ಇಂದು ದೇಶದೆಲ್ಲೆಡೆ ಚರ್ಚೆಯಾಗುವ ಮೀಸಲಾತಿಯ ಆರಂಭದ ಪ್ರಯೋಗಗಳಲ್ಲಿ ಇದೂ ಒಂದು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಮಾತ್ರಕ್ಕೆ ಎಲ್ಲರೂ ಒಂದೇ ಗೆರೆಯಿಂದ ಓಡಿದಂತಾಗುವುದಿಲ್ಲ ಎಂಬುದನ್ನು ಮೈಸೂರು ಅಂದೇ ಒಪ್ಪಿಕೊಂಡಿತು.

ಸಂವಿಧಾನ ಬಂದ ಮೇಲೆ 1951ರ ಮೇ 18ರಂದು ಮೈಸೂರು ಲೋಕಸೇವಾ ಆಯೋಗ ಸ್ಥಾಪನೆಯಾಯಿತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಅದೇ ಕರ್ನಾಟಕ ಲೋಕಸೇವಾ ಆಯೋಗವಾಯಿತು. ಈ ನಡುವೆ ಭಾಷೆಯ ಪ್ರಶ್ನೆಯೂ ಮುಂದೆ ಬಂತು. ಅರಕಲಗೂಡು ಮೂಲದ ಅ.ನ. ಕೃಷ್ಣರಾಯರಂಥವರು ಕನ್ನಡ ಚಳವಳಿಗೆ ದನಿಯಾದ ಕಾಲ ಅದು. 1963ರಲ್ಲಿ ರಾಜಭಾಷಾ ಕಾಯ್ದೆ ಬಂದು, ಕನ್ನಡ ಕಾಗದದ ಮೇಲೆ ಆಡಳಿತ ಭಾಷೆಯಾಯಿತು. ಮುಂದೆ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 25, ಕನ್ನಡ ಮಾಧ್ಯಮದವರಿಗೆ ಶೇಕಡಾ 5ರಷ್ಟು ಹುದ್ದೆಗಳನ್ನು ಕಾದಿರಿಸುವ ವ್ಯವಸ್ಥೆಯೂ ಬಂತು.

ಅಂಕಗಳ ಲೆಕ್ಕಾಚಾರ

ಇಂದಿನ ಪರೀಕ್ಷೆಗೆ ಬುನಾದಿ 1997ರ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿ ನಿಯಮಗಳು. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ ಎಂಬ ಮೂರು ಮೆಟ್ಟಿಲು. ಹಿಂದೆ ಮುಖ್ಯ ಪರೀಕ್ಷೆಯ 1800 ಅಂಕಗಳಲ್ಲಿ 1200 ಅಂಕ ಅಭ್ಯರ್ಥಿ ಆರಿಸಿಕೊಂಡ ಎರಡು ಐಚ್ಛಿಕ ವಿಷಯಗಳಿಗೇ ಮೀಸಲಾಗಿತ್ತು. ಸಂದರ್ಶನಕ್ಕೆ 200 ಅಂಕ.

ಈ ಸಂದರ್ಶನವೇ ವಿವಾದದ ಕೇಂದ್ರವಾಯಿತು. 2011ರ ಸಾಲಿನ 362 ಹುದ್ದೆಗಳ ಆಯ್ಕೆಯಲ್ಲಿ ಅಕ್ರಮದ ಆರೋಪ ಬಂದು, 2013ರಲ್ಲಿ ಸಿ.ಐ.ಡಿ. ತನಿಖೆ ನಡೆಯಿತು. 2014ರಲ್ಲಿ ಸರ್ಕಾರ ಆಯ್ಕೆ ಪಟ್ಟಿಯನ್ನೇ ಹಿಂಪಡೆಯಿತು. ಪ್ರಕರಣ ನ್ಯಾಯಾಲಯಗಳ ಮೆಟ್ಟಿಲೇರಿತು. 2018ರಲ್ಲಿ ಹೈಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿದರೆ, 2022ರಲ್ಲಿ ವಿಧಾನಮಂಡಲ ಆ ಆಯ್ಕೆಯನ್ನು ಸಿಂಧುಗೊಳಿಸುವ ಕಾಯ್ದೆ ಮಾಡಿತು. ಒಂದು ತಂಡದ ಹಣೆಬರಹ ಹತ್ತು ವರ್ಷ ತೂಗುಯ್ಯಾಲೆಯಲ್ಲಿತ್ತು.

ಇದರ ನಡುವೆ ಸುಧಾರಣೆಗೆ ಪಿ.ಸಿ. ಹೋಟಾ ಸಮಿತಿ 2013ರಲ್ಲಿ ವರದಿ ಕೊಟ್ಟಿತು. ಪೂರ್ವಭಾವಿಯಿಂದ ಐಚ್ಛಿಕ ವಿಷಯ ಹೋಯಿತು. ಮುಖ್ಯ ಪರೀಕ್ಷೆಯಲ್ಲಿ ಎರಡರ ಬದಲು ಒಂದೇ ಉಳಿಯಿತು. ಕೊನೆಗೆ ಅದೂ ಹೋಯಿತು. 2024ರ ಅಧಿಸೂಚನೆಯಂತೆ ಪ್ರಬಂಧ ಹಾಗೂ ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳಿಗೆ ತಲಾ 250ರಂತೆ 1250 ಅಂಕ, ಸಂದರ್ಶನಕ್ಕೆ ಕೇವಲ 25. ಹಿಂದೆ ಒಟ್ಟು ಅಂಕಗಳಲ್ಲಿ ಹತ್ತನೇ ಒಂದು ಪಾಲಿದ್ದ ಸಂದರ್ಶನದ ತೂಕ ಈಗ ಶೇಕಡಾ 2ರಷ್ಟು.

ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಕೊಠಡಿಯೊಳಗಿನ ಅರ್ಧ ಗಂಟೆ ಒಬ್ಬರ ಬದುಕನ್ನು ತೀರ್ಮಾನಿಸುವ ಭಯ ಕಡಿಮೆಯಾಯಿತು. ಆದರೆ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡು, ಪದವಿಯಲ್ಲಿ ಓದಿದ್ದನ್ನೇ ಆಸರೆಯಾಗಿಸಿಕೊಳ್ಳುವ ದಾರಿ ಮುಚ್ಚಿತು.

ಅನುವಾದದ ಎಡವಟ್ಟು

2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಯಿತು. ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಹೆಚ್ಚು. ಕನ್ನಡದಲ್ಲಿ ಪ್ರಶ್ನೆ ಓದಿದವರಿಗೆ ಹಲವು ಕಡೆ ಅರ್ಥವೇ ಆಗಲಿಲ್ಲ. ಇಂಗ್ಲಿಷಿನಿಂದ ಮಾಡಿದ ಅನುವಾದ ಅಷ್ಟು ಕೆಟ್ಟಿತ್ತು. ಪ್ರತಿಭಟನೆಯ ನಂತರ ಮರುಪರೀಕ್ಷೆಗೆ ಮುಖ್ಯಮಂತ್ರಿ ಸೂಚಿಸಿದರು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯಲ್ಲೂ ಅದೇ ದೂರು ಕೇಳಿಬಂತು. ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ರೂಪಿಸಿ ಎಂಬುದು ಅಭ್ಯರ್ಥಿಗಳ ಬೇಡಿಕೆ.

ಇದು ಬರೀ ಭಾಷಾಭಿಮಾನದ ಮಾತಲ್ಲ. ಎರಡು ಗಂಟೆಯಲ್ಲಿ ನೂರು ಪ್ರಶ್ನೆ ಉತ್ತರಿಸಬೇಕು. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. ಕನ್ನಡದಲ್ಲಿ ಓದಿ ಗೊಂದಲಗೊಂಡು, ಇಂಗ್ಲಿಷ್ ನೋಡಿ ಖಚಿತಪಡಿಸಿಕೊಂಡು ಮುಂದೆ ಹೋಗುವವನಿಗೆ ಒಂದೊಂದು ಪ್ರಶ್ನೆಗೂ ಎರಡು ಪಟ್ಟು ಸಮಯ ಹಿಡಿಯುತ್ತದೆ. ಹಳ್ಳಿ ಶಾಲೆಯಲ್ಲಿ ಓದಿದವನಿಗೆ ಒಂದು ಕೈಯಲ್ಲಿ ಮೀಸಲಾತಿ ಕೊಟ್ಟು ಇನ್ನೊಂದು ಕೈಯಲ್ಲಿ ಸಮಯ ಕಿತ್ತುಕೊಂಡಂತೆ.

ತಯಾರಿ ಹೇಗೆ?

ಬದಲಾದ ಪದ್ಧತಿಗೆ ತಯಾರಿಯೂ ಬದಲಾಗಬೇಕು. ಪೂರ್ವಭಾವಿಯ ಎರಡು ಪತ್ರಿಕೆಗಳಿಗೆ ತಲಾ 200 ಅಂಕ. ಮೊದಲನೆಯದರಲ್ಲಿ ರಾಷ್ಟ್ರೀಯ, ಅಂತರರಾಷ್ಟ್ರೀಯ ವಿದ್ಯಮಾನ ಹಾಗೂ ಇತಿಹಾಸ, ಭೂಗೋಳ, ಅರ್ಥಶಾಸ್ತ್ರದಂಥ ಮಾನವಿಕ ವಿಷಯಗಳು. ಎರಡನೆಯದರಲ್ಲಿ ರಾಜ್ಯದ ವಿಷಯಕ್ಕೆ 40, ವಿಜ್ಞಾನ ಮತ್ತು ಪರಿಸರಕ್ಕೆ 30, ಮಾನಸಿಕ ಸಾಮರ್ಥ್ಯಕ್ಕೆ 30 ಪ್ರಶ್ನೆ. ಕೊನೆಯದರ ಮಟ್ಟ ಎಸ್.ಎಸ್.ಎಲ್.ಸಿ.ಯದು. ಆದ್ದರಿಂದ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ಪುಸ್ತಕಗಳನ್ನು ಮೊದಲು ತಿರುವಿಹಾಕುವುದು ಒಳ್ಳೆಯದು. ಮುಖ್ಯ ಪರೀಕ್ಷೆಯ ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳ ಅಂಕ ಲೆಕ್ಕಕ್ಕೆ ಬಾರದಿದ್ದರೂ ಅವುಗಳಲ್ಲಿ ಪಾಸಾಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಪ್ರಬಂಧಕ್ಕೆ 250 ಅಂಕ ಇರುವುದರಿಂದ ವಾರಕ್ಕೊಂದಾದರೂ ಕೈಯಿಂದ ಬರೆದು ಅಭ್ಯಾಸ ಮಾಡಬೇಕು. ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಪ್ರತಿ ಸಲವೂ ಹೊಸ ಅಧಿಸೂಚನೆಯನ್ನು ಪೂರ್ತಿ ಓದಿಯೇ ಮುಂದುವರಿಯಬೇಕು.

ರಾಜ್ಯದ ವಿಷಯಕ್ಕೆ ಹಾಸನದವರು ದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ, 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಬೇಲೂರು ಮತ್ತು ಹಳೇಬೀಡು, ಗೊರೂರಿನ ಹೇಮಾವತಿ ಅಣೆಕಟ್ಟು ಎಲ್ಲವೂ ಕಣ್ಣೆದುರಿಗಿನ ಪಾಠಗಳು. ಬಡತನದಲ್ಲಿ ಓದುವುದೆಂದರೇನು ಎಂದು ತಿಳಿಯಬೇಕಾದರೆ ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ' ಇದೆ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರ ಶಾಸನ ಕನ್ನಡದ ಅತಿ ಹಳೆಯ ದಾಖಲೆಗಳಲ್ಲಿ ಒಂದು. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಊರುಗಳನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಸರ್ಕಾರಿ ಆದೇಶ. ಹದಿನೈದು ಶತಮಾನಗಳ ಹಿಂದೆ ಆಡಳಿತದ ಮಾತನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಕೆತ್ತಿದ ಜಿಲ್ಲೆ ಇದು. ಅಲ್ಲಿಂದ ಪರೀಕ್ಷೆಗೆ ಹೊರಟವರು ಇಂದು ಕೇಳುತ್ತಿರುವುದು ಅರ್ಥವಾಗುವ ಕನ್ನಡದಲ್ಲಿ ನೂರು ಪ್ರಶ್ನೆಗಳನ್ನಷ್ಟೆ.