ನಿರಾಶ್ರಿತರ ತಿಗರಿ



ಕುಂಬಾರನೆಂದೊಡನೆ ನಮ್ಮಂತಹ ಗುರುಗಳಿಗೆ ಪ್ರವಾದಿ ಯೆರೆಮೀಯನ ನೆನಪಾಗುವುದು ಸಹಜ. ಆ ಪ್ರಸಂಗವನ್ನು ನೀವು ಪ್ರಬೋಧನೆಗಳಲ್ಲಿ ಸಾಕಷ್ಟು ಬಾರಿ ಕೇಳಿರುವಿರಿ. ಇಂದು ನಾನು ಹೇಳಹೊರಟಿರುವುದು ಆ ರೂಪಕದ ಕುಂಬಾರನನ್ನು ಕುರಿತಲ್ಲ. ಕಳೆದ ಶತಮಾನದಲ್ಲಿ ಲಂಡನ್ನಿನ ಒಂದು ಕಿರುಬೀದಿಯಲ್ಲಿ ಕೈಗೆ ಮಣ್ಣು ಮೆತ್ತಿಕೊಂಡು ಬಾಳಿದ ಇಬ್ಬರನ್ನು ಕುರಿತು. ಇಬ್ಬರೂ ಹುಟ್ಟಿದ ನಾಡನ್ನು ಬಿಟ್ಟು ಓಡಿಬಂದವರು.

ಮೊದಲು ಈ ಕಲೆಯ ಬಗ್ಗೆ ಎರಡು ಮಾತು. ಯಂತ್ರಯುಗದಲ್ಲಿ ಇಂಗ್ಲೆಂಡಿನ ಪಿಂಗಾಣಿಯೆಲ್ಲ ಕಾರ್ಖಾನೆಗಳ ಪಾಲಾಯಿತು. ಮಣ್ಣು ಕಲಸುವವನೊಬ್ಬ, ಅಚ್ಚಿಗೆ ಹಾಕುವವನೊಬ್ಬ, ಬಣ್ಣ ಬಳಿಯುವವಳು ಮತ್ತೊಬ್ಬಳು. ಇದಕ್ಕೆ ಪ್ರತಿಯಾಗಿ, ಒಂದು ಪಾತ್ರೆಯನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ಕಲಾವಿದ ರೂಪಿಸಬೇಕೆಂಬ ಹಂಬಲದಿಂದ ಹುಟ್ಟಿದ್ದು ಸ್ಟುಡಿಯೋ ಕುಂಬಾರಿಕೆ. ಹಾಂಗ್‌ಕಾಂಗಿನಲ್ಲಿ 1887ರಲ್ಲಿ ಹುಟ್ಟಿದ ಬರ್ನಾರ್ಡ್ ಲೀಚ್ ಜಪಾನಿನಲ್ಲಿ ಈ ವಿದ್ಯೆಯನ್ನು ಕಲಿತು, 1920ರಲ್ಲಿ ಗೆಳೆಯ ಹಮಾದಾ ಶೋಜಿಯೊಡನೆ ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬ ಕಡಲೂರಿನಲ್ಲಿ ಆವಿಗೆ ಹೂಡಿದರು. ಬಾಲ್ಯದಲ್ಲಿ ಅವರು ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದವರೆಂಬುದನ್ನು ನಮ್ಮ ಓದುಗರಿಗೆ ತಿಳಿಸದಿರಲಾರೆ. ಒರಟು ಮೈ, ದಪ್ಪ ಅಂಚು, ಮಣ್ಣಿನ ಬಣ್ಣ: ಒಳ್ಳೆಯ ಪಾತ್ರೆಯೆಂದರೆ ಹೀಗಿರಬೇಕೆಂದು ಲೀಚ್ ಹೇಳಿದ್ದೇ ಬಹುಕಾಲ ಅಲ್ಲಿನವರಿಗೆ ಶಾಸನವಾಗಿತ್ತು.

ಅಂತಹ ಇಂಗ್ಲೆಂಡಿಗೆ 1938ರಲ್ಲಿ ವಿಯೆನ್ನಾದಿಂದ ಬಂದಿಳಿದವರು ಲೂಸಿ ರೀ. ಆಗ ಅವರಿಗೆ 36 ವರ್ಷ. ತಂದೆ ವಿಯೆನ್ನಾದ ಹೆಸರಾಂತ ವೈದ್ಯರು, ಯೆಹೂದ್ಯರು. ಅಲ್ಲಿನ ಕಲಾಶಾಲೆಯಲ್ಲಿ ಕಲಿತು, ಸ್ವಂತ ಕಾರ್ಯಾಗಾರ ನಡೆಸಿ, 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಪಡೆದಿದ್ದ ಲೂಸಿಯ ಹೆಸರು ಲಂಡನ್ನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅವರಿಗೆ ಉಳಿದದ್ದು ದೇಶ ಬಿಡುವ ದಾರಿಯೊಂದೇ. ಪತಿ ಅಮೆರಿಕಕ್ಕೆ ಹೊರಟರು, ಲೂಸಿ ಲಂಡನ್ನಿನಲ್ಲೇ ಉಳಿದರು. 1940ರಲ್ಲಿ ವಿವಾಹವೂ ಮುರಿಯಿತು. ಹೈಡ್ ಪಾರ್ಕಿನ ಬಳಿ, ಹಿಂದೆ ಕುದುರೆಲಾಯವಾಗಿದ್ದ 18, ಆಲ್ಬಿಯನ್ ಮ್ಯೂಸ್ ಎಂಬ ಪುಟ್ಟ ಮನೆಯಲ್ಲಿ ಆಕೆ ನೆಲೆಸಿದರು. ವಿಯೆನ್ನಾದ ಮನೆಗೆಂದು ಮಾಡಿಸಿದ್ದ ಮರದ ಕಪಾಟು, ಸ್ಟೂಲುಗಳನ್ನು ಬಿಡಲಾರದೆ ಸಾಗಿಸಿಕೊಂಡು ಬಂದಿದ್ದರು. ಅವನ್ನು ಈ ಇಕ್ಕಟ್ಟಿನ ಮನೆಗೆ ಹೊಂದಿಸಿಕೊಟ್ಟವರು ತಾವೂ ನಿರಾಶ್ರಿತರಾಗಿದ್ದ ವಾಸ್ತುಶಿಲ್ಪಿ ಅರ್ನ್ಸ್ಟ್ ಫ್ರಾಯ್ಡ್; ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡರ ಮಗ.

ಹೊಟ್ಟೆಪಾಡು ನಡೆಯಬೇಕಿತ್ತು. ಯುದ್ಧಕಾಲದಲ್ಲಿ ಹೂದಾನಿಗಳನ್ನು ಕೊಳ್ಳುವವರು ಯಾರು? ಲೂಸಿ ಉಡುಪುಗಳಿಗೆ ಗುಂಡಿಗಳನ್ನು ಮಾಡತೊಡಗಿದರು. ಬಟ್ಟೆಯ ತುಂಡನ್ನು ತಂದು ಇದೇ ಬಣ್ಣ ಬೇಕೆನ್ನುವ ದರ್ಜಿಗಳಿಗಾಗಿ ಮಣ್ಣನ್ನು ಅಚ್ಚಿನಲ್ಲಿ ಒತ್ತಿ, ಮೆರುಗು ಕೊಟ್ಟು, ಸುಟ್ಟು ಒಪ್ಪಿಸುವ ಕೆಲಸ. ಪದಕ ಪಡೆದ ಕಲಾವಿದೆಗೆ ಇದು ಇಳಿಮುಖವೆಂದು ನಮಗನಿಸಬಹುದು. ಆದರೆ ಬಣ್ಣದಿಂದ ಬಣ್ಣಕ್ಕೆ ಕೂದಲೆಳೆಯ ವ್ಯತ್ಯಾಸ ತರುವ ಮೆರುಗಿನ ವಿದ್ಯೆ ಆಕೆಯ ಕೈಗೆ ಹತ್ತಿದ್ದು ಈ ಗುಂಡಿಗಳಿಂದಲೂ ಹೌದು. ಆ ಕೆಲಸಕ್ಕೆ ಆಕೆ ಸೇರಿಸಿಕೊಂಡವರಲ್ಲಿಯೂ ಹಲವರು ತಮ್ಮಂತೆಯೇ ನೆಲೆ ಕಳೆದುಕೊಂಡವರು.

ಹೀಗೆ 1946ರಲ್ಲಿ ಬಾಗಿಲು ತಟ್ಟಿದವರು 26ರ ತರುಣ ಹಾನ್ಸ್ ಕೋಪರ್. ಜರ್ಮನಿಯ ಕೆಮ್ನಿಟ್ಸ್ ಊರಿನವರು, ತಂದೆ ಯೆಹೂದ್ಯರು. ನಾಜಿಗಳ ಕಾಲದ ಬವಣೆಯಲ್ಲಿ ತಂದೆ 1936ರಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಮಗ 1939ರಲ್ಲಿ ಇಂಗ್ಲೆಂಡಿಗೆ ಪಾರಾಗಿ ಬಂದರೆ, ಮರುವರ್ಷವೇ ಶತ್ರುದೇಶದವನೆಂದು ಬಂಧಿಸಿ ಕೆನಡಾಕ್ಕೆ ಸಾಗಿಸಿದರು! ಜರ್ಮನಿಗೆ ಆತ ಯೆಹೂದ್ಯ, ಇಂಗ್ಲೆಂಡಿಗೆ ಆತ ಜರ್ಮನ್. 1941ರಲ್ಲಿ ಹಿಂತಿರುಗಿ ಬ್ರಿಟಿಷ್ ಸೇನೆಯ ಕೂಲಿದಳಕ್ಕೆ ಸೇರಿದರು. ಲೂಸಿಯ ಬಳಿಗೆ ಬಂದಾಗ ಕುಂಬಾರಿಕೆಯ ಗಂಧಗಾಳಿಯೂ ಅವರಿಗಿರಲಿಲ್ಲ. ಬಂದದ್ದು ಗುಂಡಿ ಮಾಡುವ ಕೂಲಿಗೆ.

ಸ್ವಲ್ಪದರಲ್ಲೇ ಲೂಸಿಗೆ ಆತನ ಕೈಗುಣ ತಿಳಿಯಿತು. ತಿಗರಿಯ ಮೇಲೆ ಮಣ್ಣೆತ್ತುವುದನ್ನು ಕಲಿಯಲು ಬೇರೊಬ್ಬ ಶಿಕ್ಷಕರ ಬಳಿಗೆ ಕಳುಹಿಸಿದರು. ಬೇಗನೆ ಕಲಿತು ಬಂದರು. ಅಲ್ಲಿಂದ ಮುಂದೆ ಅವರು ಕೂಲಿಯಾಳಲ್ಲ, ಸಮಭಾಗಿ. ಜೊತೆಯಾಗಿ ಮಾಡಿದ ಬಟ್ಟಲು, ತಟ್ಟೆಗಳ ಅಡಿಯಲ್ಲಿ ಇಬ್ಬರ ಮುದ್ರೆಗಳೂ ಅಕ್ಕಪಕ್ಕದಲ್ಲಿವೆ. ತಾನು ಕೂಲಿಗೆ ಸೇರಿಸಿಕೊಂಡವನ ಹೆಸರನ್ನು ತನ್ನ ಹೆಸರಿನ ಪಕ್ಕದಲ್ಲಿ ಒತ್ತಲು ಎಷ್ಟು ಜನ ಒಡೆಯರು ಒಪ್ಪುತ್ತಾರೆ?

ಆದರೆ ಇದರ ಲಾಭ ಲೂಸಿಗೂ ದೊರೆಯಿತು. ಆಕೆಯ ಪಾತ್ರೆಗಳು ತೀರ ತೆಳುವೆಂದು ಲೀಚ್ ಆಕ್ಷೇಪಿಸಿದ್ದರು. ಅಂತಹ ಹಿರಿಯರ ಮಾತಿಗೆ ಮಣಿದು ಆಕೆ ಕೆಲಕಾಲ ದಪ್ಪ ಪಾತ್ರೆಗಳನ್ನು ಮಾಡಲೆತ್ನಿಸಿದ್ದೂ ಉಂಟು. ಅವು ಆಕೆಗೆ ಒಗ್ಗಲಿಲ್ಲ. ನಿಮ್ಮ ಹಾದಿಯಲ್ಲೇ ನಡೆಯಿರೆಂದು ಧೈರ್ಯ ತುಂಬಿದವರು ಕೋಪರ್. ಆ ಬಳಿಕ ಹುಟ್ಟಿದ ಬೋಗುಣಿಗಳನ್ನು ಚಿತ್ರದಲ್ಲಾದರೂ ನೀವು ನೋಡಬೇಕು. ಕಿರಿದಾದ ಪಾದದಿಂದ ಹೂವಿನಂತೆ ಅರಳುವ ತೆಳು ಮೈ, ಅದರ ಮೇಲೆ ಸೂಜಿಯಿಂದ ಗೀರಿದ ನವಿರು ಗೆರೆಗಳು. ಆ ಗೆರೆಗಳ ಸ್ಫೂರ್ತಿ 1948ರಲ್ಲಿ ಕೋಪರ್ ಜೊತೆ ಏವ್‌ಬರಿಯ ವಸ್ತುಸಂಗ್ರಹಾಲಯದಲ್ಲಿ ಕಂಡ ಇತಿಹಾಸಪೂರ್ವ ಕಾಲದ ಮಡಕೆಗಳು. ಪಕ್ಕದಲ್ಲೇ ಅವನ್ನು ಗೀರಲು ಬಳಸಿದ ಹಕ್ಕಿಯ ಮೂಳೆಗಳನ್ನೂ ಇಟ್ಟಿದ್ದರಂತೆ. ಸಾಮಾನ್ಯವಾಗಿ ಪಾತ್ರೆಯನ್ನು ಒಮ್ಮೆ ಸುಟ್ಟು, ಮೆರುಗು ಕೊಟ್ಟು, ಮತ್ತೆ ಸುಡುತ್ತಾರೆ. ಲೂಸಿ ಹಸಿಯ ಪಾತ್ರೆಗೇ ಕುಂಚದಿಂದ ಮೆರುಗು ಬಳಿದು, ವಿದ್ಯುತ್ ಆವಿಗೆಯಲ್ಲಿ ಸುಮಾರು 1250 ಡಿಗ್ರಿಯಲ್ಲಿ ಒಂದೇ ಬಾರಿಗೆ ಸುಡುತ್ತಿದ್ದರು. ಹಸಿಯ ಪಾತ್ರೆ ಮೆರುಗಿನ ತೇವಕ್ಕೆ ಕುಸಿಯುವ ಭಯ ಪ್ರತಿ ಸಲವೂ ಇದ್ದದ್ದೇ.

ಇನ್ನು ಕವೆಂಟ್ರಿಯ ವಿಷಯ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಆ ನಗರದ ಮೇಲೆ ಬಾಂಬುಗಳ ಮಳೆಗರೆದವು. 500ಕ್ಕೂ ಹೆಚ್ಚು ಜನ ಮಡಿದರು. ಮಧ್ಯಯುಗದ ಸಂತ ಮಿಖಾಯೇಲರ ಪ್ರಧಾನಾಲಯ ಉರಿದು, ಹೊರಗೋಡೆಗಳೂ ಗೋಪುರವೂ ಮಾತ್ರ ನಿಂತವು. ಅದು ಆಂಗ್ಲಿಕನ್ ಸಭೆಯ ದೇವಾಲಯ. ಅವಶೇಷಗಳನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡು, ಮಗ್ಗುಲಲ್ಲಿ ಹೊಸ ಪ್ರಧಾನಾಲಯವನ್ನು ಕಟ್ಟಿದರು. ಶಿಲ್ಪಿ ಬೆಸಿಲ್ ಸ್ಪೆನ್ಸ್. 1962ರ ಮೇ 25ರಂದು ಅದರ ಪ್ರತಿಷ್ಠಾಪನೆ ನೆರವೇರಿತು. ಅಲ್ಲಿನ ಸ್ನಾನದೀಕ್ಷೆಯ ತೊಟ್ಟಿ ಬೆತ್ಲೆಹೇಮಿನಿಂದ ತಂದ ಒರಟು ಬಂಡೆ. ಬಲಿಪೀಠದ ಹಿಂದೆ ಕ್ರಿಸ್ತರಾಜರ ಬೃಹತ್ ಚಿತ್ರಪಟ. ಬಲಿಪೀಠದ ಎರಡೂ ಬದಿಗೆ ಮಣ್ಣಿನ ಆರು ಎತ್ತರದ ದೀಪಸ್ತಂಭಗಳು. ಅವುಗಳನ್ನು ಮಾಡಿದವರು ಹಾನ್ಸ್ ಕೋಪರ್.

ಕವೆಂಟ್ರಿ ಉರಿದ ವರ್ಷವೇ ಯಾರನ್ನು ಶತ್ರುವೆಂದು ಸೆರೆಹಿಡಿದಿದ್ದರೋ, ಆ ಜರ್ಮನ್ ಮನುಷ್ಯನನ್ನೇ ಕವೆಂಟ್ರಿಯ ಬಲಿಪೀಠಕ್ಕೆ ದೀಪ ಎತ್ತಿಹಿಡಿಯಲು ಕರೆದರು! ತಿಗರಿಯ ಮೇಲೆ ತುಂಡುತುಂಡಾಗಿ ಎತ್ತಿ, ಒಂದರ ಮೇಲೊಂದು ಜೋಡಿಸಿದ ಕಂಬಗಳವು. ದೇವದೂತರಿಲ್ಲ, ದ್ರಾಕ್ಷಿಬಳ್ಳಿಯಿಲ್ಲ, ಚಿನ್ನದ ಲೇಪವಿಲ್ಲ. ಬರಿಯ ಮಣ್ಣು, ಅದನ್ನು ಎತ್ತಿದ ಬೆರಳುಗಳ ಗುರುತು. ಜರಿ, ಪ್ಲಾಸ್ಟಿಕ್ ಹೂಗಳಿಂದ ಬಲಿಪೀಠವನ್ನು ಮುಚ್ಚಿಬಿಡುವ ನಮ್ಮ ಧರ್ಮಕೇಂದ್ರಗಳ ಅಲಂಕಾರ ಸಮಿತಿಗಳು ಬೇಸರಿಸದಿದ್ದರೆ, ಇದನ್ನು ಕೊಂಚ ಗಮನಿಸಲೆಂದು ಕೋರುತ್ತೇನೆ.

ಸ್ನಾಯುಗಳನ್ನು ಕ್ಷೀಣಿಸುವ ರೋಗ ತಗುಲಿ ಕೋಪರ್ 1981ರಲ್ಲಿ ತೀರಿಕೊಂಡರು. ತಾನು ಬರಿಯ ಕುಂಬಾರಳು, ಹಾನ್ಸ್ ಕಲಾವಿದ ಎಂದು ಲೂಸಿ ಹೇಳುತ್ತಿದ್ದರು. 1990ರಲ್ಲಿ ಪಾರ್ಶ್ವವಾಯು ಬಡಿಯುವವರೆಗೂ ಆಕೆ ತಿಗರಿ ಬಿಡಲಿಲ್ಲ. ಮರುವರ್ಷ ಬ್ರಿಟಿಷ್ ಸರಕಾರ 'ಡೇಮ್' ಗೌರವವನ್ನಿತ್ತಿತು. 1995ರ ಏಪ್ರಿಲ್ 1ರಂದು ಅದೇ ಆಲ್ಬಿಯನ್ ಮ್ಯೂಸಿನ ಮನೆಯಲ್ಲಿ ಕಣ್ಮುಚ್ಚಿದರು. ಯುದ್ಧಕಾಲದ ಗುಂಡಿಗಳು ಆಗಲೂ ಅವರಲ್ಲಿ ಉಳಿದಿದ್ದವು. ಅವನ್ನು ತಮ್ಮ ಗೆಳೆಯ, ಜಪಾನಿನ ವಸ್ತ್ರವಿನ್ಯಾಸಕಾರ ಇಸ್ಸೆ ಮಿಯಾಕೆಯವರ ಹೆಸರಿಗೆ ಬರೆದಿಟ್ಟಿದ್ದರು. ಮಿಯಾಕೆ ಅದಕ್ಕೂ ಮೊದಲೇ ಅಂತಹ ಗುಂಡಿಗಳನ್ನು ತಮ್ಮ ಉಡುಪುಗಳಿಗೆ ಹೊಲಿಸಿದ್ದರು.