ವಸಡಿನ ಬಳಿ ಹಲ್ಲು ಸವೆಯಲು ಗಟ್ಟಿಯಾಗಿ ಉಜ್ಜುವುದೊಂದೇ ಕಾರಣವೇ?

ಹಲ್ಲಿನ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗುಳಿ ಬಿದ್ದಿದೆಯೇ? ತಣ್ಣೀರು ತಾಗಿದರೆ ಜುಮ್ ಎನ್ನುತ್ತದೆಯೇ? "ಇದು ಹುಳುಕು. ಉಪ್ಪು, ನಿಂಬೆರಸ, ಇದ್ದಿಲು ಹಾಕಿ ಉಜ್ಜಿದರೆ ಮಾಯ" ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಇದು ಹುಳುಕೇ?

ಆಗಿರಲೇಬೇಕೆಂದಿಲ್ಲ. ಹುಳುಕು ಬಾಯಿಯ ಬ್ಯಾಕ್ಟೀರಿಯಾಗಳು ಉಂಟುಮಾಡುವ ಆಮ್ಲದಿಂದ ಬರುತ್ತದೆ. ಸವೆತದ ಗುಳಿ ಸಾಮಾನ್ಯವಾಗಿ ಗಟ್ಟಿಯಾಗಿ, ನುಣುಪಾಗಿ ಇರುತ್ತದೆ. ಹಲ್ಲಿನ ಬುಡದಲ್ಲಿ ಎನಾಮೆಲ್ ಪದರ ಬಹಳ ತೆಳು. ಒಳಗಿನ ಡೆಂಟಿನ್ ಅದಕ್ಕಿಂತ ಮೃದು. ಹಾಗಾಗಿ ಆ ಜಾಗ ಬೇಗ ಸವೆಯುತ್ತದೆ.

ಕಚ್ಚುವುದಕ್ಕೂ ಇದಕ್ಕೂ ಏನು ಸಂಬಂಧ?

ನೆಲದಲ್ಲಿ ಹೂತ ಗೂಟವನ್ನು ಪಕ್ಕಕ್ಕೆ ತಳ್ಳಿ ನೋಡಿ. ಹೆಚ್ಚು ಒತ್ತಡ ಬೀಳುವುದು ಅದರ ಬುಡಕ್ಕೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿದ್ದರೆ ಅಥವಾ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ, ಹಲ್ಲಿನ ಮೇಲೂ ಹೀಗೆ ಪಕ್ಕದ ಬಲ ಬೀಳುತ್ತದೆ. ಇದರಿಂದ ಬುಡದ ಎನಾಮೆಲ್‌ನಲ್ಲಿ ಸೂಕ್ಷ್ಮ ಬಿರುಕು ಮೂಡಬಹುದು ಎಂಬುದು ಒಂದು ವಾದ. ಅಮೆರಿಕದ ದಂತವೈದ್ಯ ಜಾನ್ ಗ್ರಿಪ್ಪೊ 1991ರಲ್ಲಿ ಇದಕ್ಕೆ 'ಅಬ್‌ಫ್ರ್ಯಾಕ್ಷನ್' ಎಂದು ಹೆಸರಿಟ್ಟರು. ಅಕ್ಕಪಕ್ಕದ ಹಲ್ಲುಗಳು ಚೆನ್ನಾಗಿದ್ದು ಒಂದೇ ಹಲ್ಲಿನಲ್ಲಿ ಗುಳಿ ಬೀಳುವುದೇಕೆ ಎಂಬುದಕ್ಕೆ ಈ ವಾದ ಉತ್ತರ ಕೊಡುತ್ತದೆ.

ಹಾಗಾದರೆ ಕಚ್ಚುವಿಕೆಯೇ ಕಾರಣವೇ?

ಅದೊಂದೇ ಕಾರಣ ಎಂದು ಸಾಬೀತಾಗಿಲ್ಲ. ಪ್ರಯೋಗಾಲಯದಲ್ಲಿ ಬರೀ ಬ್ರಷ್, ಪೇಸ್ಟ್ ಬಳಸಿಯೂ ಇಂಥ ಗುಳಿ ಮೂಡಿಸಲಾಗಿದೆ. ಹುಳಿ ಪಾನೀಯ, ಪದೇ ಪದೇ ಬರುವ ಹುಳಿತೇಗು ಎನಾಮೆಲ್ ಅನ್ನು ಮೆತ್ತಗಾಗಿಸುತ್ತವೆ, ಒರಟಾಗಿ ಉಜ್ಜುವುದು ಅದನ್ನು ಸವೆಸುತ್ತದೆ, ಕಚ್ಚುವ ಒತ್ತಡ ಇವುಗಳ ಜೊತೆ ಸೇರಿಕೊಳ್ಳಬಹುದು.

ಏನು ಮಾಡಬೇಕು?

• ಉಪ್ಪು, ಇದ್ದಿಲು, ನಿಂಬೆರಸ ಹಾಕಿ ಉಜ್ಜಬೇಡಿ. ಸವೆತ ಇನ್ನೂ ಹೆಚ್ಚುತ್ತದೆ.
• ಮೃದು ಬ್ರಷ್ ಬಳಸಿ, ಹಗುರವಾಗಿ ಉಜ್ಜಿ. ಹುಳಿ ತಿಂದ ಕೂಡಲೇ ಉಜ್ಜಬೇಡಿ.
• ಬೆಳಿಗ್ಗೆ ಏಳುವಾಗ ದವಡೆ ನೋಯುತ್ತಿದ್ದರೆ ಅಥವಾ ರಾತ್ರಿ ನೀವು ಹಲ್ಲು ಕಡಿಯುತ್ತೀರಿ ಎಂದು ಮನೆಯವರು ಹೇಳಿದರೆ ದಂತವೈದ್ಯರಿಗೆ ತಿಳಿಸಿ. ಅಗತ್ಯವಿದ್ದರೆ ಅವರು ನೈಟ್ ಗಾರ್ಡ್ ಕೊಡುತ್ತಾರೆ.
• ಗುಳಿ ಆಳವಾಗಿದ್ದರೆ ಫಿಲ್ಲಿಂಗ್ ಬೇಕಾಗಬಹುದು. ಕಾರಣ ಸರಿಪಡಿಸದಿದ್ದರೆ ಅದೂ ಬಿದ್ದುಹೋಗಬಹುದು.
• 'ಕಚ್ಚು ಸರಿಮಾಡಲು' ಹಲ್ಲನ್ನು ಉಜ್ಜಿ ತಗ್ಗಿಸಬೇಕೆಂದು ಯಾರಾದರೂ ಹೇಳಿದರೆ, ಏಕೆ ಎಂದು ಕೇಳಿ. ತೆಗೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಸತ್ಯಾಂಶ: ಈ ಸವೆತಕ್ಕೆ ಕಾರಣ ಹಲವು. ಕಚ್ಚುವ ಒತ್ತಡ ಅವುಗಳಲ್ಲಿ ಒಂದಾಗಿರಬಹುದು. ಸವೆದ ಹಲ್ಲನ್ನು ಯಾವ ಮನೆಮದ್ದೂ ಮರಳಿ ಬೆಳೆಸದು.