ಬಜೆಯ ಕಲ್ಲು

ಅಕ್ಕನ ಮಗು ಹುಟ್ಟಿದಾಗ ಅಮ್ಮ ಮೊದಲು ಹುಡುಕಿದ್ದು ಬಜೆ ತೇಯುವ ಕಲ್ಲನ್ನು. ಮಾತು ಸ್ಪಷ್ಟವಾಗುತ್ತೆ ಅಂತ ಜೇನಿನಲ್ಲಿ ತೇದು ನಾಲಿಗೆಗೆ ಸವರೋದು ನಮ್ಮಲ್ಲಿ ವಾಡಿಕೆ. (ನನಗೂ ಸವರಿದ್ದರಂತೆ. ನನ್ನ ಆಫೀಸ್ ಕಾಲ್ ಕೇಳಿದವರು ನಂಬಲ್ಲ.)

ಬಜೆಗೆ ಬೇಕಿರೋದು ಕೆಸರು. ಕೊರಟಗೆರೆ ಕಡೆ ಭತ್ತದ ಹಾಗೆ ನೀರು ನಿಲ್ಲಿಸಿ ಗೆಡ್ಡೆಯ ತುಂಡು ನೆಡುತ್ತಾರೆ. ಯುರೋಪಿಗೂ ಅದು ಹೋಗಿದ್ದು ಗೆಡ್ಡೆಯಾಗಿಯೇ. 1574ರಲ್ಲಿ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದದ್ದನ್ನು ವಿಯೆನ್ನಾದಲ್ಲಿ ನೆಟ್ಟು, ಚೂರುಗಳನ್ನು ಗೆಳೆಯರಿಗೆ ಹಂಚಿದ. ಮೂರು ಸೆಟ್ ಕ್ರೋಮೋಸೋಮ್‌ಗಳ ಆ ಬಂಜೆ ಗಿಡ ಅಲ್ಲಿ ಬೀಜ ಕಟ್ಟಲೇ ಇಲ್ಲ. ಆದರೂ ಕೈಯಿಂದ ಕೈಗೆ, ಹೊಳೆಯಿಂದ ಹೊಳೆಗೆ ಹಬ್ಬಿತು. ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್‌ನಲ್ಲಿ ಪರಿಮಳಕ್ಕೆಂದು ಅದರ ಎಲೆಯನ್ನು ನೆಲಕ್ಕೆ ಹಾಸುತ್ತಿದ್ದರು.

ಯುರೋಪಿನದಕ್ಕಿಂತ ಭಾರತದ ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಬಹಳ ಹೆಚ್ಚು. ಜಮ್ಮುವಿನ ಬಜೆ ಎಣ್ಣೆ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಕ್ಯಾನ್ಸರ್ ಕಂಡ ಮೇಲೆ, 1968ರಲ್ಲಿ ಅಮೆರಿಕ ಆಹಾರದಲ್ಲಿ ಬಜೆಯನ್ನೇ ನಿಷೇಧಿಸಿತು. ಚಿಟಿಕೆ ಬಜೆಗೂ ಇಲಿಗೆ ದಿನಾ ತಿನ್ನಿಸಿದ ಎಣ್ಣೆಗೂ ಅಜಗಜಾಂತರ, ಒಪ್ಪುತ್ತೇನೆ. ಆದರೂ ಹಸುಗೂಸಿನ ನಾಲಿಗೆ ಅದು. ಬೇಡ ಅಂದೆ.

ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಊರಿಂದ ತಂದಿದ್ದ ಹಸಿ ಗೆಡ್ಡೆ ಈಗ ಬಾಲ್ಕನಿಯ ಬಕೆಟ್‌ನಲ್ಲಿ ಚಿಗುರಿದೆ. ನೀರು ಹಾಕೋದು ಅಮ್ಮನೇ.